ಟಸ್ಕನಿಯ ಬಿಳಿ ರಸ್ತೆಗಳು: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ ಐವತ್ತೆರಡು ವರ್ಷ, ಬ್ಯಾಂಕಿನಲ್ಲಿ ಕೆಲಸ. ತಿಂಗಳಿಗೆ ಎರಡು ಸಲವಾದರೂ ಸೈಕಲ್ಲಿನಲ್ಲಿ ನಂದಿಬೆಟ್ಟ ಹತ್ತಿ ಬರುತ್ತೇನೆ. ಮಗಳು ಇಟಲಿಯ ಬೊಲೊನ್ಯದಲ್ಲಿ ಓದುತ್ತಿದ್ದಾಳೆ. ಮುಂದಿನ ವರ್ಷ ಅಲ್ಲಿಗೆ ಹೋದಾಗ ಟಸ್ಕನಿಯ ‘ಎರೋಯಿಕಾ’ ಮಾರ್ಗವನ್ನು ಗ್ರ್ಯಾವೆಲ್ ಸೈಕಲ್ಲಿನಲ್ಲಿ (ಜಲ್ಲಿ ರಸ್ತೆಗೆ ಹೊಂದುವ ಅಗಲ ಟಯರಿನ ಸೈಕಲ್) ಸುತ್ತುವ ಆಸೆಯಿದೆ. ಎರಡು ದಿನದಲ್ಲಿ ಮುಗಿಸಬಹುದೇ? ನಂದಿ ಹತ್ತಿದವನಿಗೆ ಆ ಗುಡ್ಡಗಳು ಕಷ್ಟವೇ?
(ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು)

ಉತ್ತರ: ಎರಡು ದಿನದಲ್ಲಿ ಮುಗಿಸುವವರಿದ್ದಾರೆ, ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ, ಆದರೆ ತಾವು ನಾಲ್ಕು ದಿನ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಸಿಯೆನಾ ನಗರದ ಉತ್ತರಕ್ಕಿರುವ ಕಿಯಾಂತಿ ಗುಡ್ಡಗಳನ್ನೂ ದಕ್ಷಿಣದ ಜೇಡಿ ಬೋರೆಗಳನ್ನೂ ಬಳಸಿಕೊಂಡು ಬರುವ ಈ ಸುತ್ತಿನ ಉದ್ದ ಸುಮಾರು 209 ಕಿ.ಮೀ. ಅದರಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಭಾಗ ಡಾಂಬರು ಕಾಣದ ‘ಸ್ತ್ರಾದೆ ಬಿಯಾಂಕೆ’, ಅಂದರೆ ಸುಣ್ಣಕಲ್ಲು ಮತ್ತು ಜೇಡಿಯ ಬಿಳಿ ರಸ್ತೆ. ಎಲ್ಲ ಏರುಗಳನ್ನೂ ಕೂಡಿದರೆ 3,500 ಮೀಟರ್ ದಾಟುತ್ತದೆ. ನಂದಿಯನ್ನು ಬುಡದಿಂದ ಏಳೆಂಟು ಸಲ ಹತ್ತಿದ ಲೆಕ್ಕ ಅದು.

ಆದರೆ ನಂದಿಯ ಏರಿಗೂ ಇಲ್ಲಿನ ಏರಿಗೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ನಂದಿಯಲ್ಲಿ ಒಮ್ಮೆ ಉಸಿರಿನ ಲಯ ಹಿಡಿದರೆ ಅದೇ ಲಯದಲ್ಲಿ ತುದಿ ಮುಟ್ಟಬಹುದು. ಟಸ್ಕನಿಯಲ್ಲಿ ಅರ್ಧ ಕಿಲೋಮೀಟರಿನ ಕಡಿದಾದ ಏರು, ಕೂಡಲೇ ಅಷ್ಟೇ ಉದ್ದದ ಇಳಿಜಾರು, ತಿರುವಿನಾಚೆ ಮತ್ತೆ ಏರು, ಹೀಗೆ ದಿನವಿಡೀ ಕಾಲಿಗೆ ಲಯವೇ ಸಿಗುವುದಿಲ್ಲ. ಸಿಯೆನಾದ ಹೊರವಲಯದ ಲೆ ತೋಲ್ಫೆ ಎಂಬ ಚಿಕ್ಕ ತುಣುಕು ಉದ್ದದಲ್ಲಿ ಒಂದು ಕಿಲೋಮೀಟರಿಗೆ ಸ್ವಲ್ಪವೇ ಹೆಚ್ಚು, ಅಷ್ಟರಲ್ಲೇ ಏರು ಶೇ. 18ಕ್ಕೆ ಮುಟ್ಟುತ್ತದೆ. ಅಂಥಲ್ಲಿ ಡಾಂಬರಿನ ಮೇಲಿನಂತೆ ಸೀಟು ಬಿಟ್ಟೆದ್ದು ತುಳಿದಿರೋ, ಹಿಂದಿನ ಚಕ್ರದ ಮೇಲಿನ ಭಾರ ಹಾರಿ ಅದು ಸಡಿಲ ಜಲ್ಲಿಯ ಮೇಲೆ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಸೀಟಿನ ಮುಂದಿನ ತುದಿಗೆ ಸರಿದು, ಮೊಣಕೈ ಮಡಿಸಿ, ಕುಳಿತೇ ತುಳಿಯಬೇಕು. ಅದಕ್ಕೆ ಹಗುರ ಗೇರ್ ಬೇಕು: ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದರಲ್ಲಿ ಹಲ್ಲು ಹೆಚ್ಚಿರಲಿ. ಬಾಡಿಗೆ ಸೈಕಲ್ ಪಡೆಯುವಾಗ ಬಣ್ಣ, ಬ್ರ್ಯಾಂಡ್ ನೋಡುವ ಮೊದಲು ಈ ಹಲ್ಲುಗಳನ್ನು ಎಣಿಸಿ. ಟಯರ್ 40 ಮಿ.ಮೀ. ಅಗಲದ್ದಿದ್ದರೆ ಸಾಕು. ಗಾಳಿಯನ್ನು ಮಾತ್ರ ನಮ್ಮವರ ಅಭ್ಯಾಸದಂತೆ ಕಲ್ಲಿನ ಹಾಗೆ ತುಂಬಿಸಬೇಡಿ. ಎಪ್ಪತ್ತು ಕಿಲೋ ತೂಕದವರು ಟ್ಯೂಬ್‌ಲೆಸ್ ಟಯರಿನಲ್ಲಿ 30ರಿಂದ 35 ಪಿ.ಎಸ್.ಐ. ಇಟ್ಟುಕೊಂಡರೆ ಚಕ್ರ ನೆಲಕ್ಕೆ ಕಚ್ಚಿಕೊಂಡು ಹೋಗುತ್ತದೆ, ಅಂಗೈಯೂ ಮರಗಟ್ಟುವುದಿಲ್ಲ.

ಮಾರ್ಗದ ಅಧಿಕೃತ ಆರಂಭ ಗಯೋಲೆ ಇನ್ ಕಿಯಾಂತಿ ಎಂಬ ಊರು. ಅಲ್ಲಿಗೆ ರೈಲು ಇಲ್ಲ. ಸುತ್ತುದಾರಿಯಾದ್ದರಿಂದ ಎಲ್ಲಿಂದ ಹೊರಟರೂ ಒಂದೇ. ತಾವು ಬೊಲೊನ್ಯದಿಂದ ಫ್ಲಾರೆನ್ಸ್ ಮೂಲಕ ಸಿಯೆನಾ ತಲುಪಿ ಅಲ್ಲಿಂದಲೇ ಹೊರಡಿ. ಮೊದಲ ದಿನ ಮುರ್ಲೊ, ಬುವೊನ್‌ಕೊನ್ವೆಂತೊ ಹಾದು ಸಂಜೆಗೆ ಮೊಂತಾಲ್ಚಿನೊ. ಆ ಊರು 560 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಗುಡ್ಡದ ನೆತ್ತಿಯ ಮೇಲಿರುವುದರಿಂದ ಕೊನೆಯ ಏರಿಗೆಂದು ಕಾಲಿನಲ್ಲಿ ಒಂದಿಷ್ಟು ಕಸುವು ಉಳಿಸಿಕೊಂಡಿರಬೇಕು. ಎರಡನೆಯ ದಿನ ಲುಚಿನ್ಯಾನೊ ದಾಸ್ಸೊ ಮೂಲಕ ಆಶ್ಯಾನೊ. ಮೂರನೆಯ ದಿನ ಬೆಳಿಗ್ಗೆಯೇ ಮೊಂತೆ ಸಾಂತೆ ಮರಿಯೆ. ಸುಮಾರು 11.5 ಕಿ.ಮೀ. ಉದ್ದದ ಈ ತುಣುಕೇ ಇಡೀ ಮಾರ್ಗದ ಜೀವ ಎಂದು ನಾನು ನಂಬಿದ್ದೇನೆ. ಮರಗಳಿಲ್ಲದ ಬೋಳು ಬೋರೆಗಳ ಬೆನ್ನ ಮೇಲೆ ದಾರಿ ಹಾವಿನಂತೆ ಹರಿದಿರುತ್ತದೆ; ಅಲ್ಲೊಂದು ಇಲ್ಲೊಂದು ತೋಟದ ಮನೆ, ಅದರ ಪಕ್ಕ ಸಾಲು ಸೈಪ್ರೆಸ್ ಬಿಟ್ಟರೆ ನೆರಳೆಂಬುದಿಲ್ಲ. 2007ರಲ್ಲಿ ಆರಂಭವಾಗಿ ಈಗ ಪ್ರತಿ ಮಾರ್ಚ್‌ನಲ್ಲಿ ನಡೆಯುವ ‘ಸ್ತ್ರಾದೆ ಬಿಯಾಂಕೆ’ ವೃತ್ತಿಪರ ಪಂದ್ಯದ ಗತಿ ಬದಲಾಗುವುದೂ ಬಹುಪಾಲು ಇಲ್ಲೇ. 2024ರಲ್ಲಿ ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಗುರಿಗೆ ಇನ್ನೂ ಎಂಬತ್ತು ಕಿಲೋಮೀಟರಿರುವಾಗ ಇಲ್ಲಿಯೇ ಗುಂಪನ್ನು ಬಿಟ್ಟು ಒಬ್ಬರೇ ಹೋಗಿ ಗೆದ್ದರು. ನಾವು ನೀವು ಅದೇ ಏರಿನಲ್ಲಿ ಇಳಿದು ಸೈಕಲ್ ತಳ್ಳಿದರೆ ಅವಮಾನವೇನೂ ಅಲ್ಲ. ಆ ರಾತ್ರಿ ರಾದ್ದಾದಲ್ಲಿ ತಂಗಿ, ನಾಲ್ಕನೆಯ ದಿನ ಗಯೋಲೆ ಮತ್ತು ಬ್ರೋಲಿಯೊ ಕೋಟೆಯ ಮೂಲಕ ಸಿಯೆನಾಗೆ ಮರಳಬಹುದು.

ಪ್ರಶ್ನೆ: ಅಲ್ಲಿನ ಜೇಡಿ ರಸ್ತೆ ಮಳೆಯಲ್ಲಿ ನಮ್ಮ ಎರೆಹೊಲದ ದಾರಿಯಂತೆಯೇ ಆಗುತ್ತದೆ ಎಂದು ಕೇಳಿದ್ದೇನೆ. ನಿಜವೇ? ಯಾವ ತಿಂಗಳು ಹೋಗುವುದು ಒಳ್ಳೆಯದು?
(ಓದುಗರೊಬ್ಬರು, ನವಲಗುಂದ)

ಉತ್ತರ: ನಿಜ. ಎರೆಯ ಗುಣ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಸಿಯೆನಾದ ದಕ್ಷಿಣಕ್ಕಿರುವ ‘ಕ್ರೆತೆ ಸೆನೆಸಿ’ ಎಂಬ ಪ್ರದೇಶ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಬಣ್ಣ ಬೂದಿಯಾದರೂ ಅಲ್ಲಿನ ಜೇಡಿ ಬೇಸಿಗೆಯಲ್ಲಿ ನಮ್ಮ ಎರೆಯಂತೆಯೇ ಬಿರುಕು ಬಿಡುತ್ತದೆ, ಮಳೆಯಲ್ಲಿ ಹಾಗೆಯೇ ಅಂಟುತ್ತದೆ. ಜಲ್ಲಿ ಹಾಸಿದ ಮುಖ್ಯ ಬಿಳಿ ರಸ್ತೆಗಳು ಮಳೆಯಲ್ಲೂ ಹೇಗೋ ಸಾಗುತ್ತವೆ, ಮೈಮೇಲೆ ತೆಳು ಗಂಜಿ ಚೆಲ್ಲಿದಂತಾಗುತ್ತದೆ ಅಷ್ಟೆ. ಅಪಾಯವಿರುವುದು ನಕ್ಷೆ ನೋಡಿ ಹತ್ತಿರವಾಯಿತೆಂದು ಹೊಲದ ನಡುವಿನ ಅಡ್ಡದಾರಿ ಹಿಡಿದಾಗ. ಆಶ್ಯಾನೊ ಬಳಿ ಒಮ್ಮೆ ನಾನು ಇದೇ ತಪ್ಪು ಮಾಡಿದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಟಯರಿಗೂ ಫೋರ್ಕಿಗೂ ನಡುವೆ ಜೇಡಿ ಇಟ್ಟಿಗೆಯಂತೆ ಗಟ್ಟಿಯಾಗಿ ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆದಕಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಬೂಟಿನಡಿಯ ಮಣ್ಣಿನ ಭಾರವನ್ನೂ ಎಳೆದುಕೊಂಡು ಡಾಂಬರು ಮುಟ್ಟಲು ಒಂದು ಗಂಟೆ ಹಿಡಿಯಿತು. ಮಳೆ ನಿಂತ ಮರುದಿನವೂ ಮಾರ್ಗದ ಫಲಕಗಳಿರುವ ರಸ್ತೆಯನ್ನು ಬಿಡಬೇಡಿ.

ಕಾಲದ ಮಾತಿಗೆ ಬಂದರೆ, ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಹೊಲಗಳು ಹಸಿರಾಗಿದ್ದು ಹಗಲೂ ದೀರ್ಘವಾಗಿರುತ್ತದೆ; ನನ್ನ ಮತ ಅದಕ್ಕೇ. ಸೆಪ್ಟೆಂಬರ್ ಕೂಡ ಚೆನ್ನ, ಆಗ ದ್ರಾಕ್ಷಿ ಕೊಯ್ಲು. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ಮೀರುವ ಬಿಸಿಲು, ಎದುರಿಗೆ ಬಂದ ಪ್ರತಿ ಕಾರಿನ ಹಿಂದೆಯೂ ಬಿಳಿ ಧೂಳಿನ ಮೋಡ. ಅಕ್ಟೋಬರ್ ಮೊದಲ ಭಾನುವಾರ ನಡೆಯುವ, ಈ ಮಾರ್ಗಕ್ಕೆ ಹೆಸರು ಕೊಟ್ಟ ಎರೋಯಿಕಾ ಸವಾರಿಯನ್ನು ಕಾಣುವ ಆಸೆಯಿದ್ದರೆ ಮಳೆಗೂ ಸಿದ್ಧರಾಗಿ ಹೋಗಿ. 1997ರಲ್ಲಿ ಜಾಂಕಾರ್ಲೊ ಬ್ರೋಚಿ ಅದನ್ನು ಆರಂಭಿಸಿದ್ದೇ ಈ ರಸ್ತೆಗಳು ಡಾಂಬರಿನಡಿ ಹೂತುಹೋಗಬಾರದೆಂಬ ಕಳಕಳಿಯಿಂದ. ಭಾಗವಹಿಸಲು 1987ಕ್ಕೂ ಹಿಂದಿನ ಮಾದರಿಯ ಸೈಕಲ್ಲೇ ಬೇಕು: ಗೇರ್ ಹಿಡಿ ಚೌಕಟ್ಟಿನ ಕೆಳಗೊಳವೆಯ ಮೇಲಿರಬೇಕು, ಬ್ರೇಕ್ ತಂತಿ ಹ್ಯಾಂಡಲಿನ ಹೊರಗೆ ಕಾಣಬೇಕು. ಬೆಳಕು ಹರಿಯುವ ಮುನ್ನ ಬ್ರೋಲಿಯೊ ಕೋಟೆಯ ಬಿಳಿ ಏರಿನ ಇಕ್ಕೆಲದಲ್ಲೂ ದೀಪ ಹಚ್ಚಿಟ್ಟಿರುತ್ತಾರೆ. ಉಣ್ಣೆಯ ಅಂಗಿ ತೊಟ್ಟವರು ಅದರ ನಡುವೆ ಮಾತಿಲ್ಲದೆ ಏರುತ್ತಾರೆ.

ಪ್ರಶ್ನೆ: ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು. ಹಳ್ಳಿಗಳಲ್ಲಿ ಊಟ, ನೀರು ಸಿಗುತ್ತದೆಯೇ?
(ದಂಪತಿ, ಜರ್ಮನಿಯ ಮ್ಯೂನಿಕ್‌ನಿಂದ)

ಉತ್ತರ: ಸಿಗುತ್ತದೆ. ಒಣಗಿದ ಬ್ರೆಡ್ಡು, ಬಿಳಿ ಕಾಳು, ಕಪ್ಪು ಹಸಿರಿನ ಎಲೆಕೋಸು ಹಾಕಿ ಕುದಿಸಿದ ‘ರಿಬೊಲ್ಲಿತಾ’, ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯಂಥ ‘ಪಿಚಿ’ಗೆ ಬೆಳ್ಳುಳ್ಳಿ ಟೊಮೇಟೊ ಗೊಜ್ಜು ಇವೆರಡನ್ನೂ ನೆಚ್ಚಿಕೊಳ್ಳಬಹುದು, ಆದರೂ ಮಾಂಸದ ಸಾರು ಬೆರೆಸಿದೆಯೇ ಎಂದು ಕೇಳಿ. ಕುರಿಹಾಲಿನ ಪೆಕೊರಿನೊ ಚೀಸ್‌ಗೆ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪು ಬಳಸುತ್ತಾರೆಂಬುದೂ ತಿಳಿದಿರಲಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲವಾದ್ದರಿಂದ, ಬೆವರು ಹರಿಸಿ ಬಂದ ನಮ್ಮಂಥವರು ಕಿಸೆಯಲ್ಲಿ ಒಂದು ಪೊಟ್ಟಣ ಉಪ್ಪಿನಕಾಯಿ ಇಟ್ಟುಕೊಳ್ಳುವುದು ಜಾಣತನ. ಮಧ್ಯಾಹ್ನ ಎರಡೂವರೆ ದಾಟಿದರೆ ಬಹುತೇಕ ಅಡುಗೆಮನೆಗಳು ಸಂಜೆ ಏಳೂವರೆಯವರೆಗೆ ಮುಚ್ಚಿರುತ್ತವೆ, ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ. ಊರ ನಲ್ಲಿಗಳ ನೀರು ಕುಡಿಯಬಹುದು, ‘ನೊನ್ ಪೊತಾಬಿಲೆ’ ಎಂದು ಬರೆದಿದ್ದರೆ ಮಾತ್ರ ಬೇಡ.

ಪ್ರಶ್ನೆ: ಕುರಿಮಂದೆಯ ನಾಯಿಗಳು ಬೆನ್ನಟ್ಟುತ್ತವೆಯೇ?
(ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಮಂದೆ ಹತ್ತಿರವಿದ್ದರೆ ಬೆನ್ನಟ್ಟಬಹುದು. ಮರೆಮ್ಮಾ ತಳಿಯ ಈ ದೊಡ್ಡ ಬಿಳಿ ನಾಯಿಗಳ ಕೆಲಸವೇ ತೋಳಗಳಿಂದ ಕುರಿಗಳನ್ನು ಕಾಯುವುದು. ವೇಗ ಹೆಚ್ಚಿಸಿ ಪಾರಾಗಲು ನೋಡಬೇಡಿ. ಓಡುವುದನ್ನು ಅಟ್ಟುವುದು ಅವುಗಳ ಸ್ವಭಾವ. ಸೈಕಲ್ಲಿನಿಂದ ಇಳಿದು, ಅದನ್ನು ನಿಮಗೂ ನಾಯಿಗೂ ನಡುವೆ ಅಡ್ಡ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸದೆ, ಮಂದೆಯನ್ನು ಬಳಸಿಕೊಂಡು ನಿಧಾನವಾಗಿ ನಡೆದುಹೋಗಿ. ಸ್ವಲ್ಪ ದೂರ ಬೊಗಳುತ್ತ ಹಿಂಬಾಲಿಸಿ, ಕುರಿಗಳಿಂದ ನೀವು ದೂರವಾದಿರೆಂದು ಖಾತರಿಯಾದ ಮೇಲೆ ಅವು ತಾವಾಗಿಯೇ ಹಿಂದಿರುಗುತ್ತವೆ.