ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನಡಿಗೆ ಯಾವ ದಿಕ್ಸೂಚಿ?

ಪ್ರಶ್ನೆ: ಸ್ಕೂಬಾ ಡೈವಿಂಗ್‌ನ ಆರಂಭಿಕ ತರಬೇತಿ ಮುಗಿಸಿ ಮುಂದಿನ ಹಂತಕ್ಕೆ ಸೇರಿದ್ದೇನೆ. ನೀರಿನೊಳಗೆ ದಿಕ್ಕು ಹಿಡಿದು ಸಾಗುವುದೂ ಈ ಹಂತದ ಪಾಠಗಳಲ್ಲಿದೆ. ಆಳ, ಸಮಯಗಳನ್ನು ತೋರಿಸುವ ನನ್ನ ಡೈವ್ ಕಂಪ್ಯೂಟರ್‌ನಲ್ಲಿ ಡಿಜಿಟಲ್ ದಿಕ್ಸೂಚಿ ಇದ್ದರೂ ತರಬೇತುದಾರರು ಅನಲಾಗ್ ದಿಕ್ಸೂಚಿಯೊಂದನ್ನು ಬೇರೆ ಕೊಳ್ಳಲು ಹೇಳುತ್ತಿದ್ದಾರೆ. ಇದು ಅನಗತ್ಯ ಖರ್ಚಲ್ಲವೇ? ಎರಡರಲ್ಲಿ ಯಾವುದು ಹೆಚ್ಚು ನಿಖರ?

ಉತ್ತರ: ಎರಡೂ ಅಳೆಯುವುದು ಭೂಮಿಯ ಕಾಂತಕ್ಷೇತ್ರವನ್ನೇ. ಅನಲಾಗ್‌ನಲ್ಲಿ ಎಣ್ಣೆ ತುಂಬಿದ ಕರಂಡಕದೊಳಗೆ ಕಾಂತವಿರುವ ತಟ್ಟೆ ಅಥವಾ ಮುಳ್ಳು ತಿರುಗುತ್ತದೆ. ಡಿಜಿಟಲ್‌ನಲ್ಲಿ ಆ ಕೆಲಸವನ್ನು ಪುಟ್ಟ ಸೆನ್ಸರ್‌ಗಳು ಮಾಡುತ್ತವೆ. ಪರದೆಯ ಮೇಲೆ 247 ಡಿಗ್ರಿ ಎಂದು ಮೂಡುವ ಅಂಕಿಯು ತಟ್ಟೆಯ ಗೀಟುಗಳಿಗಿಂತ ನಂಬಲರ್ಹವೆಂದು ತೋರುವುದು ಸಹಜವಾದರೂ, ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಬಡಿಯುತ್ತ ಸಾಗುವ ಮನುಷ್ಯ ಒಂದು ಡಿಗ್ರಿಯೂ ಆಚೀಚೆಯಾಗದಂತೆ ಹೋಗಲಾರ. 5 ಡಿಗ್ರಿ ತಪ್ಪಿದರೆ 100 ಮೀಟರ್ ಸಾಗುವಷ್ಟರಲ್ಲಿ ಸುಮಾರು 9 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ನೀರು ಕದಡಿ 5 ಮೀಟರಿನಾಚೆ ಏನೂ ಕಾಣದಿದ್ದರೆ ದೋಣಿಯ ಲಂಗರಿನ ಹಗ್ಗ ಕಣ್ಣಿಗೆ ಬೀಳುವುದೇ ಇಲ್ಲ. ಈ ತಪ್ಪು ಬಹುಮಟ್ಟಿಗೆ ಬರುವುದು ಉಪಕರಣದಿಂದಲ್ಲ, ಅದನ್ನು ಹಿಡಿಯುವ ಬಗೆಯಿಂದ. ದಿಕ್ಸೂಚಿ ಕಟ್ಟದ ಕೈಯನ್ನು ಮುಂದಕ್ಕೆ ನೇರವಾಗಿ ಚಾಚಿ, ಕಟ್ಟಿದ ಕೈಯಿಂದ ಅದರ ಮೊಣಕೈಯನ್ನು ಹಿಡಿದರೆ ದಿಕ್ಸೂಚಿ ಮುಖದ ಎದುರಿಗೆ ಬರುತ್ತದೆ, ಅದರ ಮಧ್ಯರೇಖೆಯನ್ನು ಮೈಯ ಉದ್ದಕ್ಕೆ ಸರಿಹೊಂದಿಸುವುದು ಸುಲಭವಾಗುತ್ತದೆ. ಆ ರೇಖೆ ಓರೆಯಾಗಿದ್ದರೆ ಎಷ್ಟೇ ದುಬಾರಿ ದಿಕ್ಸೂಚಿಯಾದರೂ ನಿಮ್ಮನ್ನು ಬೇರೆಲ್ಲಿಗೋ ಕರೆದೊಯ್ಯುತ್ತದೆ.

ತರಬೇತುದಾರರ ಸಲಹೆಯನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕಬೇಡಿ. ಕಂಪ್ಯೂಟರಿನ ಬ್ಯಾಟರಿ ಕೈಕೊಟ್ಟರೆ ಆಳ, ಸಮಯ, ದಿಕ್ಕು ಮೂರೂ ಒಮ್ಮೆಗೇ ಇಲ್ಲವಾಗುತ್ತವೆ. ಮೇಲೆ ಬರಬೇಕಾದ ಹೊತ್ತಿನಲ್ಲೇ ಯಾವ ಕಡೆಗೆ ಹೋಗಬೇಕೆಂಬುದು ತಿಳಿಯದ ಸ್ಥಿತಿ ಅದು. ಅನಲಾಗ್‌ಗೆ ಬ್ಯಾಟರಿಯ ಹಂಗಿಲ್ಲ. ಅಲ್ಲದೆ ಕೆಲವು ಕಂಪ್ಯೂಟರ್‌ಗಳಲ್ಲಿ ದಿಕ್ಸೂಚಿಯ ಪುಟ ತೆರೆದಾಗ ಉಳಿದ ಮಾಹಿತಿ ಕಿರಿದಾಗುತ್ತದೆ ಅಥವಾ ಮರೆಯಾಗುತ್ತದೆ, ದಪ್ಪ ಕೈಗವಸಿನಲ್ಲಿ ಗುಂಡಿ ಒತ್ತುವುದೂ ಸುಲಭವಲ್ಲ. ಅನಲಾಗ್‌ನ ಅಂಚಿನ ಬಳೆಯನ್ನು ತಿರುಗಿಸಿ ಗುರುತನ್ನು ಮುಳ್ಳಿಗೆ ಹೊಂದಿಸಿಕೊಂಡರೆ, ಹಿಂದಿರುಗುವಾಗ ಮುಳ್ಳು ಎದುರು ಬದಿಯ ಗುರುತಿಗೆ ಬರುವಂತೆ ನೀವು ತಿರುಗಿದರಾಯಿತು; 180 ಡಿಗ್ರಿಯ ಕೂಡು-ಕಳೆಯುವಿಕೆ ಬೇಕಿಲ್ಲ.

ಹಾಗೆಂದು ಡಿಜಿಟಲ್ ಕೇವಲ ಆಡಂಬರವಲ್ಲ. ಅನಲಾಗ್ ಅನ್ನು ಸಮತಟ್ಟಾಗಿ ಹಿಡಿಯಲೇಬೇಕು. ಮಿತಿಮೀರಿ ವಾಲಿದರೆ ತಟ್ಟೆ ಕರಂಡಕಕ್ಕೆ ತಾಗಿ ನಿಂತುಬಿಡುತ್ತದೆ. ನಿಂತ ತಟ್ಟೆ ನೋಡುವವನಿಗೆ ಸ್ಥಿರವಾಗಿ ಸರಿಯಾದ ದಿಕ್ಕನ್ನು ತೋರುತ್ತಿರುವಂತೆಯೇ ಕಾಣುವುದು ಇಲ್ಲಿನ ನಿಜವಾದ ಅಪಾಯ, ಆದ್ದರಿಂದ ಆಗಾಗ ಕೈಯನ್ನು ತುಸು ಅಲುಗಿಸಿ ಅದು ತೇಲುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಮೂರು ಅಕ್ಷಗಳ ಸೆನ್ಸರ್ ಇರುವ ಡಿಜಿಟಲ್ ದಿಕ್ಸೂಚಿಯು ವಾಲಿಕೆಯನ್ನು ತಾನೇ ಲೆಕ್ಕಹಾಕಿ ಸರಿಪಡಿಸುತ್ತದೆ, ಕತ್ತಲಲ್ಲೂ ಸ್ವಯಂ ಬೆಳಗುತ್ತದೆ, ಒಮ್ಮೆ ಉಳಿಸಿಕೊಂಡ ದಿಕ್ಕಿನಿಂದ ಎಡಕ್ಕೋ ಬಲಕ್ಕೋ ಎಷ್ಟು ಸರಿದಿದ್ದೀರೆಂದು ತೋರಿಸುತ್ತದೆ. ಆದರೆ ಅದನ್ನು ಬ್ಯಾಟರಿ ಬದಲಿಸಿದ ಮೇಲೆ, ದೂರದ ಹೊಸ ಜಾಗಕ್ಕೆ ಹೋದಾಗ, ಕಬ್ಬಿಣದ ವಸ್ತುಗಳಿಂದ ದೂರ ನಿಂತು ಕ್ಯಾಲಿಬ್ರೇಟ್ ಮಾಡಬೇಕಾಗುತ್ತದೆ, ಅಂದರೆ ಅಲ್ಲಿನ ಕಾಂತಕ್ಷೇತ್ರಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ. ಬಹಳ ಜನ ಮರೆಯುವುದು ಇದನ್ನೇ.

ಎರಡೂ ನಿಮ್ಮ ಬಳಿ ಇರಲಿ ಎಂಬುದೇ ನಮ್ಮ ಅಭಿಪ್ರಾಯ. ಅಭ್ಯಾಸವನ್ನು ಅನಲಾಗ್‌ನಲ್ಲಿ ಮಾಡಿ. ಕೈ ಪಳಗಿದ ಮೇಲೆ ದಿನನಿತ್ಯದ ಬಳಕೆಗೆ ಡಿಜಿಟಲ್ ಅನ್ನೇ ನೆಚ್ಚಿಕೊಂಡರೂ ಆಕ್ಷೇಪವಿಲ್ಲ.

ಪ್ರಶ್ನೆ: ಮುಳುಗಿದ ಹಡಗೊಂದರ ಬಳಿ ನನ್ನ ಅನಲಾಗ್ ದಿಕ್ಸೂಚಿ ಒಂದು ದಿಕ್ಕು ತೋರಿಸಿದರೆ ಗೆಳೆಯನ ಡಿಜಿಟಲ್ ಇನ್ನೊಂದನ್ನು ತೋರಿಸಿತು. ಯಾವುದು ಕೆಟ್ಟಿತ್ತು?

ಉತ್ತರ: ಎರಡೂ ಸರಿಯಾಗಿಯೇ ಇದ್ದಿರಬಹುದು. ಉಕ್ಕಿನ ಹಡಗು ಸುತ್ತಲಿನ ಕಾಂತಕ್ಷೇತ್ರವನ್ನೇ ತಿರುಚುತ್ತದೆ, ನಾಲ್ಕು ಮಾರು ಸರಿದರೆ ದಿಕ್ಸೂಚಿ ತೋರಿಸುವ ದಿಕ್ಕು ಬದಲಾಗುತ್ತದೆ. ಅಲ್ಲಿ ಹಡಗಿನ ಮೂತಿ, ಹಿಂಬದಿ, ನೀರಿನ ತಳದ ಇಳಿಜಾರುಗಳನ್ನು ನೋಡಿ ದಾರಿ ಗುರುತಿಸಿಕೊಂಡು, ದಿಕ್ಸೂಚಿಯನ್ನು ಹಡಗಿನಿಂದ ದೂರ ಬಂದ ಮೇಲೆ ನಂಬುವುದು ಒಳ್ಳೆಯದು.

ಹಡಗಿಲ್ಲದ ಕಡೆಯೂ ಇಂಥ ಗೊಂದಲ ಕಂಡರೆ ನಿಮ್ಮ ಸಲಕರಣೆಗಳನ್ನೇ ಪರೀಕ್ಷಿಸಿ. ಹಲವು ಡೈವಿಂಗ್ ಟಾರ್ಚ್‌ಗಳ ಸ್ವಿಚ್ಚಿನಲ್ಲಿ ಕಾಂತವಿರುತ್ತದೆ. ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಟ್ಟು ಟಾರ್ಚನ್ನು ನಿಧಾನವಾಗಿ ಹತ್ತಿರ ತನ್ನಿ. ಮುಳ್ಳು ಯಾವ ದೂರದಲ್ಲಿ ಕದಲಲು ಶುರುವಾಗುತ್ತದೋ ಅದಕ್ಕಿಂತ ಹೆಚ್ಚಿನ ಅಂತರ ನೀರಿನಲ್ಲೂ ಇರಬೇಕು. ಅನಲಾಗ್‌ನೊಳಗೇ ಒಂದು ಕಾಂತವಿರುವುದರಿಂದ ಅದನ್ನೂ ಡಿಜಿಟಲ್ ಅನ್ನೂ ಒಂದೇ ಮಣಿಕಟ್ಟಿಗೆ ಕಟ್ಟಬಾರದು.

ಪ್ರಶ್ನೆ: ಉತ್ತರ ಗೋಳಾರ್ಧದಲ್ಲಿ ಕೊಂಡ ಅನಲಾಗ್ ದಿಕ್ಸೂಚಿ ದಕ್ಷಿಣ ಗೋಳಾರ್ಧದಲ್ಲಿ ಕೆಲಸ ಮಾಡುವುದಿಲ್ಲವೆನ್ನುವುದು ನಿಜವೇ?

ಉತ್ತರ: ಭಾಗಶಃ ನಿಜ. ಕಾಂತರೇಖೆಗಳು ಭೂಮಿಗೆ ಎಲ್ಲೆಡೆ ಸಮಾನಾಂತರವಾಗಿಲ್ಲ. ಧ್ರುವಗಳತ್ತ ಸಾಗಿದಂತೆ ಅವು ಕಡಿದಾಗುತ್ತವೆ. ಹಾಗಾಗಿ ಮುಳ್ಳಿನ ಉತ್ತರದ ತುದಿ ಉತ್ತರ ಗೋಳಾರ್ಧದಲ್ಲಿ ಕೆಳಕ್ಕೆ ಬಾಗಿದರೆ ದಕ್ಷಿಣದಲ್ಲಿ ಮೇಲಕ್ಕೇಳುತ್ತದೆ. ತಯಾರಕರು ಒಂದು ವಲಯಕ್ಕೆಂದು ತೂಕ ಹೊಂದಿಸಿದ ಮುಳ್ಳು ದೂರದ ಇನ್ನೊಂದು ವಲಯದಲ್ಲಿ ವಾಲಿ, ತಾಗಿ, ನಿಲ್ಲಬಹುದು. ಎರಡೂ ಕಡೆ ಡೈವ್ ಮಾಡುವವರು ಜಗತ್ತಿನೆಲ್ಲೆಡೆ ಬಳಸಬಹುದಾದ ‘ಗ್ಲೋಬಲ್’ ಮಾದರಿಯನ್ನು ಕೇಳಿ ಪಡೆಯಬೇಕು. ತಿರುಗುವ ಮುಳ್ಳೇ ಇಲ್ಲದ ಡಿಜಿಟಲ್‌ಗೆ ಈ ತೊಂದರೆ ಇಲ್ಲ. ಹೊಸ ಜಾಗದಲ್ಲಿ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿಕೊಂಡರೆ ಸಾಕು.