ದಾರಿಯಲ್ಲೇ ಸೋಡಾ ಮಾಡಲು ಹೋದರೆ ಸಪ್ಪೆ ಯಾಕೆ?

ಪ್ರಶ್ನೆ: ಪ್ರವಾಸಕ್ಕೆಂದು ಸೋಡಾ ಮಾಡುವ ಬಾಟಲಿ ಕೊಂಡೆ. ಚಿಕ್ಕ ಗ್ಯಾಸ್ ಕಾರ್ಟ್ರಿಜ್ ಹಾಕಿ ತಿರುಗಿಸುವಂಥದ್ದು. ಎರಡು ಕಾರ್ಟ್ರಿಜ್ ಖರ್ಚಾದರೂ ನೀರು ಸಪ್ಪೆ. ನಿಂಬೆ ಶರಬತ್ತಿಗೇ ಗ್ಯಾಸ್ ಬಿಟ್ಟು ನೋಡಿದೆ, ಮುಚ್ಚಳ ತೆಗೆಯುತ್ತಿದ್ದಂತೆ ಉಕ್ಕಿ ಕಾರಿನ ಸೀಟೆಲ್ಲ ಅಂಟಂಟು! ಉಳಿದ ಕಾರ್ಟ್ರಿಜ್ ಕಾರಿನಲ್ಲೇ ಇಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ನೀರು ಎಷ್ಟು ತಣ್ಣಗಿತ್ತು ಅಂತ ನೀವು ಬರೆದಿಲ್ಲ. ಕಾರಿನಲ್ಲಿದ್ದ ನೀರೇ ಇರಬೇಕು, ಅಲ್ವಾ? ತಪ್ಪಿದ್ದು ಅಲ್ಲೇ. ಕಾರ್ಟ್ರಿಜ್‌ನಲ್ಲಿರುವ ಗ್ಯಾಸ್, ಅಂದರೆ ಇಂಗಾಲದ ಡೈಆಕ್ಸೈಡ್, ತಣ್ಣೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಬಿಸಿಯಾದಷ್ಟೂ ಹೊರಗೆ ಓಡುತ್ತದೆ. ಒತ್ತಡ ಹಾಕದೆ ಇದ್ದರೆ, 0 ಡಿಗ್ರಿಯ ಒಂದು ಲೀಟರ್ ನೀರಿಗೆ ಸುಮಾರು 3.3 ಗ್ರಾಂ ಹಿಡಿಯುತ್ತದೆ. 30 ಡಿಗ್ರಿಯಲ್ಲಿ 1.3 ಗ್ರಾಂ ಅಷ್ಟೇ. ಬಾಟಲಿಯೊಳಗಿನ ಒತ್ತಡ ಇದನ್ನು ಹೆಚ್ಚಿಸುತ್ತದೆ ನಿಜ, ಆದರೆ ಬೆಚ್ಚಗಿನ ನೀರಿಗೆ ಎಷ್ಟು ಗ್ಯಾಸ್ ಬಿಟ್ಟರೂ ಅದು ನಿಮಗೆ ಮೋಸ ಮಾಡುತ್ತದೆ.

ಹಾಗಾಗಿ ಮನೆಯಿಂದ ಹೊರಡುವಾಗ ಫ್ಲಾಸ್ಕಿನಲ್ಲಿ ಐಸ್ ಹಾಕಿದ ನೀರು ಒಯ್ಯಿರಿ. ಕುಡಿಯುವ ಜಾಗದಲ್ಲಿ ಅದನ್ನು ಸೋಡಾ ಬಾಟಲಿಗೆ, ಗುರುತಿನ ಗೆರೆವರೆಗೆ ಮಾತ್ರ, ತುಂಬಿ. ಮೇಲೆ ಖಾಲಿ ಜಾಗ ಬೇಕೇ ಬೇಕು. ಗ್ಯಾಸ್ ಬಿಟ್ಟ ಮೇಲೆ ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಐದು ನಿಮಿಷ ಸುಮ್ನೆ ಬಿಡಿ. ಅವಸರಪಟ್ಟು ತೆರೆದರೆ ಕರಗದ ಗ್ಯಾಸೆಲ್ಲ ಬುಸ್ ಅಂತ ಹೊರಟುಹೋಗುತ್ತದೆ. ಸಾಮಾನ್ಯ ಕಾರ್ಟ್ರಿಜ್‌ನಲ್ಲಿ 8 ಗ್ರಾಂ ಗ್ಯಾಸ್ ಇರುತ್ತದೆ, ಒಂದು ಲೀಟರಿಗೆ ಒಂದು ಸಾಕು.

ಶರಬತ್ತು ಉಕ್ಕಿದ್ದಕ್ಕೆ ಕಾರಣ ಬೇರೆ. ನಿಂಬೆಯ ತಿರುಳು, ಕರಗದ ಸಕ್ಕರೆ, ಉಪ್ಪಿನ ಹರಳು, ಇವುಗಳ ಮೇಲೆ ಗುಳ್ಳೆ ಹುಟ್ಟಿಕೊಳ್ಳುತ್ತವೆ. ಗೋಲಿ ಸೋಡಾಕ್ಕೆ ಉಪ್ಪು ಹಾಕಿದಾಗ ನೊರೆ ಎದ್ದದ್ದು ನೆನಪಿಸಿಕೊಳ್ಳಿ! ಬಾಟಲಿಯಲ್ಲಿ ಬರೀ ನೀರು ಇರಲಿ. ನಿಂಬೆಯೋ ಪುನರ್ಪುಳಿ ಶರಬತ್ತೋ ಮೊದಲೇ ಲೋಟದಲ್ಲಿರಲಿ, ಸೋಡಾವನ್ನು ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ನನಗಂತೂ ಪುನರ್ಪುಳಿಯದೇ ಇಷ್ಟ.

ಇನ್ನು ಕಾರ್ಟ್ರಿಜ್. ಬೇಡ, ಕಾರಿನಲ್ಲಿ ಬಿಡಬೇಡಿ. ಒಳಗಿನ ಗ್ಯಾಸ್ ದ್ರವವಾಗಿರುತ್ತದೆ. 20 ಡಿಗ್ರಿಯಲ್ಲೇ ಅದರ ಒತ್ತಡ ಗಾಳಿಯ ಒತ್ತಡದ ಐವತ್ತು ಪಟ್ಟಿಗಿಂತ ಜಾಸ್ತಿ. ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಇನ್ನೂ ಏರುತ್ತದೆ. ವಿಮಾನದಲ್ಲಿ ಹೋಗುವುದಿದ್ದರೆ ಮೊದಲೇ ವಿಮಾನ ಕಂಪನಿಯನ್ನು ಕೇಳಿ, ಕೇಳದೆ ಬ್ಯಾಗಿಗೆ ತುಂಬಬೇಡಿ. ಕ್ರೀಮ್ ನೊರೆ ಬರಿಸುವ ಕಾರ್ಟ್ರಿಜ್ ನೋಡಲು ಹೀಗೇ ಇರುತ್ತದೆ, ಆದರೆ ಅದರಲ್ಲಿರುವುದು ನೈಟ್ರಸ್ ಆಕ್ಸೈಡ್. ಸೋಡಾಕ್ಕೆ ಅದು ಆಗುವುದಿಲ್ಲ, ಕೊಳ್ಳುವಾಗ ಲೇಬಲ್ ಓದಿ.

ಗ್ಯಾಸ್ ಬಿಟ್ಟ ಕೂಡಲೇ ಕಾರ್ಟ್ರಿಜ್ ಮುಟ್ಟಬೇಡಿ, ಹಿಮ ಕಟ್ಟುವಷ್ಟು ತಣ್ಣಗಾಗಿರುತ್ತದೆ. ಪೂರ್ತಿ ಖಾಲಿಯಾದದ್ದು ಬರೀ ಉಕ್ಕಿನ ಡಬ್ಬಿ, ಗುಜರಿಗೆ ಹಾಕಬಹುದು.