ಅನ್‌ಲಾಕ್ ಮಾಡಿದ ಫೋನ್‌ಗೆ ಅಪ್‌ಡೇಟ್ ಬಂದಿದೆ, ಒತ್ತಲಾ ಬೇಡ್ವಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡಿದ್ದೇನೆ. ಮಾರಿದವರು ‘ಇದು ಅನ್‌ಲಾಕ್ ಮಾಡಿದ ಫೋನ್, ಅಪ್‌ಡೇಟ್ ಮಾತ್ರ ಮಾಡ್ಬೇಡಿ, ಡೆಡ್ ಆಗುತ್ತೆ’ ಅಂದಿದ್ದರು. ಈಗ ದಿನಾ ಅಪ್‌ಡೇಟ್ ಮಾಡಿ ಅಂತ ನೋಟಿಫಿಕೇಶನ್ ಬರುತ್ತಿದೆ. ಏನು ಮಾಡಲಿ?

ಉತ್ತರ: ಮಾರಿದವರು ಯಾವ ಲಾಕ್ ಬಗ್ಗೆ ಹೇಳಿದರು ಅಂತ ಮೊದಲು ತಿಳಿಯಬೇಕು. ಫೋನ್‌ನಲ್ಲಿ ಸಿಮ್ ಲಾಕ್ ಬೇರೆ, ಬೂಟ್‌ಲೋಡರ್ ಲಾಕ್ ಬೇರೆ. ಒಂದೇ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಮಾಡುವುದು ಸಿಮ್ ಲಾಕ್. ಫೋನ್ ಆನ್ ಆಗುವಾಗ ಮೊದಲು ಓಡಿ ಉಳಿದದ್ದನ್ನು ಎಬ್ಬಿಸುವ ಪ್ರೋಗ್ರಾಮ್ ಬೂಟ್‌ಲೋಡರ್. ತಯಾರಕರ ಡಿಜಿಟಲ್ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಓಡುವಂತೆ ಮಾಡುವುದು ಬೂಟ್‌ಲೋಡರ್ ಲಾಕ್. ಒಂದನ್ನು ತೆಗೆದರೆ ಇನ್ನೊಂದು ತೆರೆಯುವುದಿಲ್ಲ.

ಸಿಮ್ ಲಾಕ್ ಅನ್ನು ಮೊಬೈಲ್ ಕಂಪನಿಯೇ ತೆಗೆದಿದ್ದರೆ, ಅಥವಾ ಫೋನ್ ಹುಟ್ಟಿನಿಂದಲೇ ಅನ್‌ಲಾಕ್ ಆಗಿದ್ದರೆ, ಧೈರ್ಯವಾಗಿ ಅಪ್‌ಡೇಟ್ ಮಾಡಿ. ಅಂಥ ಫೋನ್ ಅಪ್‌ಡೇಟ್ ಆದಮೇಲೆ ಮತ್ತೆ ಲಾಕ್ ಆಗುವುದಿಲ್ಲ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ‘ಕ್ಯಾರಿಯರ್ ಲಾಕ್’ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ಚಿಂತೆಯಿಲ್ಲ.

ಆಮೇಲೆ ಸಿಮ್ ಟ್ರೇ ತೆಗೆದು ನೋಡಿ. ಸಿಮ್ ಜೊತೆ ಕಾಗದದಷ್ಟು ತೆಳ್ಳಗಿನ ಚಿಪ್ ಒಂದು ಅಂಟಿಕೊಂಡಿದ್ದರೆ ಮಾರಿದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಚಿಪ್ ಸಿಮ್ ಮತ್ತು ಫೋನ್ ನಡುವೆ ಕೂತು ಫೋನ್‌ಗೆ ಸುಳ್ಳು ಹೇಳುತ್ತಿರುತ್ತದೆ. ಲಾಕ್ ತೆಗೆದೇ ಇಲ್ಲ, ಏಮಾರಿಸಿದ್ದಾರೆ ಅಷ್ಟೇ. ಮುಂದಿನ ಅಪ್‌ಡೇಟ್‌ನಲ್ಲಿ ಆ ಸುಳ್ಳು ನಡೆಯದೆ ಹೋಗಬಹುದು. ಫೋನ್ ಸಾಯುವುದಿಲ್ಲ, ಆದರೆ ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಹೋಗಬಹುದು.

ಆಂಡ್ರಾಯ್ಡ್ ಆದರೆ ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಆನ್ ಆಗುವಾಗ ‘ಬೂಟ್‌ಲೋಡರ್ ಅನ್‌ಲಾಕ್ ಆಗಿದೆ’ ಅಂತ ಎಚ್ಚರಿಕೆಯ ಪರದೆ ಬಂದರೆ ಬೂಟ್‌ಲೋಡರ್ ತೆರೆದಿದ್ದಾರೆ ಅಂತ ಅರ್ಥ. ಅದನ್ನು ತೆರೆದ ಮಾತ್ರಕ್ಕೆ ಅಪ್‌ಡೇಟ್ ಅಪಾಯವಲ್ಲ. ಮೂಲ ಸಾಫ್ಟ್‌ವೇರ್ ಹಾಗೇ ಇದ್ದರೆ ಸಾಮಾನ್ಯವಾಗಿ ಸರಾಗವಾಗಿ ಆಗುತ್ತದೆ. ತೊಂದರೆ ಶುರುವಾಗುವುದು ತೆರೆದಮೇಲೆ ಒಳಗೆ ಏನೇನು ಬದಲಿಸಿದ್ದಾರೆ ಅನ್ನುವುದರಿಂದ.

ಪ್ರಶ್ನೆ: ಅನ್‌ಲಾಕ್ ಮಾಡಿದ ಫೋನ್‌ಗಳನ್ನು ಕಂಪನಿಗಳು ಅಪ್‌ಡೇಟ್ ಕಳಿಸಿ ಬೇಕಂತಲೇ ಹಾಳು ಮಾಡುತ್ತವೆ ಅಂತ ಕೇಳಿದ್ದೇನೆ. ನಿಜವಾ?

ಉತ್ತರ: ಈ ಮಾತಿನ ಹಿಂದೆ ನಿಜವಾಗಿ ನಡೆದ ಘಟನೆ ಇದೆ. ಮೊದಲ ಐಫೋನ್ 2007ರ ಜೂನ್‌ನಲ್ಲಿ ಅಮೆರಿಕದಲ್ಲಿ ಬಂತು. ಎಟಿ ಅಂಡ್ ಟಿ ಅನ್ನುವ ಮೊಬೈಲ್ ಕಂಪನಿಯ ಸಿಮ್ ಬಿಟ್ಟು ಬೇರೇನೂ ನಡೆಯುತ್ತಿರಲಿಲ್ಲ. ಎರಡು ಮೂರು ತಿಂಗಳಲ್ಲಿ ಹವ್ಯಾಸಿಗಳು ಲಾಕ್ ಮುರಿದರು. ಸೆಪ್ಟೆಂಬರ್ 24ರಂದು ಆಪಲ್ ಒಂದು ಎಚ್ಚರಿಕೆ ಕೊಟ್ಟಿತು: ಇಂಥ ಅನ್‌ಲಾಕ್ ಪ್ರೋಗ್ರಾಮ್‌ಗಳು ಫೋನ್‌ನ ಸಾಫ್ಟ್‌ವೇರನ್ನು ಹಾಳು ಮಾಡುತ್ತವೆ, ಮುಂದಿನ ಅಪ್‌ಡೇಟ್ ಹಾಕಿದಾಗ ಫೋನ್ ಶಾಶ್ವತವಾಗಿ ನಿಂತುಹೋಗಬಹುದು ಅಂತ. ಮೂರು ದಿನಕ್ಕೆ 1.1.1 ಅಪ್‌ಡೇಟ್ ಬಂತು. ಅನ್‌ಲಾಕ್ ಮಾಡಿದ್ದ ಎಷ್ಟೋ ಫೋನ್‌ಗಳು ಆಕ್ಟಿವೇಟ್ ಆಗದೆ ಕೂತವು.

ಕಾರಣ ಮೋಡೆಮ್‌ನಲ್ಲಿತ್ತು. ನೆಟ್‌ವರ್ಕ್ ಜೊತೆ ಮಾತಾಡುವ ಈ ಭಾಗಕ್ಕೆ ಅದರದ್ದೇ ಫರ್ಮ್‌ವೇರ್ (ಯಂತ್ರದ ಒಳಗೇ ಕೂತ ಸಾಫ್ಟ್‌ವೇರ್) ಇರುತ್ತದೆ, ಬೇಸ್‌ಬ್ಯಾಂಡ್ ಅಂತಾರೆ. ಲಾಕ್ ಮಾಹಿತಿ ಇರುವುದು ಅದರ ಒಂದು ಭದ್ರ ಮೂಲೆಯಲ್ಲಿ. ಆಗಿನ ಅನ್‌ಲಾಕ್ ಪ್ರೋಗ್ರಾಮ್ ಆ ಮೂಲೆಗೇ ಕೈ ಹಾಕಿ ಬರಹ ತಿದ್ದುತ್ತಿತ್ತು. ಹಳೆಯ ಬೇಸ್‌ಬ್ಯಾಂಡ್ ಅದನ್ನು ಸಹಿಸಿಕೊಂಡಿತ್ತು. ಹೊಸದು ಬಂದು ಲೆಕ್ಕ ನೋಡಿದಾಗ ತಾಳೆಯಾಗಲಿಲ್ಲ, ಯಾವ ಸಿಮ್ ಹಾಕಿದರೂ ಒಪ್ಪಲಿಲ್ಲ. ಆ ಮೂಲೆಯನ್ನು ಮೊದಲಿನ ಸ್ಥಿತಿಗೆ ತರುವ ಉಪಾಯವನ್ನೂ ಕೊನೆಗೆ ಹವ್ಯಾಸಿಗಳೇ ಹುಡುಕಿದರು. ಅಂದರೆ ‘ಶಾಶ್ವತ’ ಅಂದದ್ದು ಅಷ್ಟೇನೂ ಶಾಶ್ವತವಾಗಿರಲಿಲ್ಲ!

ಬೇಕಂತಲೇ ಮಾಡಿದರಾ? ನನ್ನ ಅಭಿಪ್ರಾಯ ಕೇಳಿದರೆ, ಕಂಪನಿಗೆ ಅಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ತಾನು ಬಿಟ್ಟ ಸಾಫ್ಟ್‌ವೇರ್ ಹಾಗೇ ಇದೆ ಅಂತ ನಂಬಿ ಅಪ್‌ಡೇಟ್ ಬರೆದರೆ ಸಾಕು. ತಿದ್ದಿದ ಫೋನ್‌ಗಳಲ್ಲಿ ಏನಾಗುತ್ತದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಮಾಡುವುದೂ ಇಲ್ಲ.

2010ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಐಫೋನ್ 3ಜಿ ಮತ್ತು 3ಜಿಎಸ್‌ನ ಹೊಸ ಅಪ್‌ಡೇಟ್ ಹಾಕಿಕೊಂಡವರಿಗೆ ಅನ್‌ಲಾಕ್ ಹೋಯಿತು. ಅದನ್ನು ಮರಳಿ ಪಡೆಯಲು ಹವ್ಯಾಸಿಗಳು ಐಪ್ಯಾಡ್‌ನ ಬೇಸ್‌ಬ್ಯಾಂಡನ್ನೇ ಐಫೋನ್‌ಗೆ ತುಂಬುವ ದಾರಿ ತೋರಿಸಿದರು. ಅನ್‌ಲಾಕ್ ಬಂತು, ಜಿಪಿಎಸ್ ಕೈಕೊಟ್ಟಿತು. ಹಿಂದಿನ ಬೇಸ್‌ಬ್ಯಾಂಡ್‌ಗೆ ವಾಪಸ್ ಹೋಗಲೂ ಆಗ ದಾರಿ ಇರಲಿಲ್ಲ. ಇಲ್ಲಿ ಕೆಡಿಸಿದ್ದು ಕಂಪನಿಯ ಅಪ್‌ಡೇಟ್ ಅಲ್ಲ, ಅದರಿಂದ ಪಾರಾಗಲು ಹಾಕಿದ ಫೈಲ್.

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನ್ ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಮ್ಯಾಜಿಸ್ಕ್ ಅನ್ನುವ ಆ್ಯಪ್‌ನಿಂದ ರೂಟ್ ಮಾಡಿದ್ದೇನೆ, ಅಂದರೆ ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ ತಗೊಂಡಿದ್ದೇನೆ. ಅಪ್‌ಡೇಟ್ ಡೌನ್‌ಲೋಡ್ ಆಗುತ್ತದೆ, ಇನ್‌ಸ್ಟಾಲ್ ಆಗುವಾಗ ಫೇಲ್ ಆಗುತ್ತದೆ. ಫೋನ್ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ. ಫೇಲ್ ಆದದ್ದೇ ಒಳ್ಳೆಯದಾಯಿತು ಅನ್ನಿ.

ಫೋನ್‌ಗೆ ತಾನಾಗಿ ಬರುವ ಅಪ್‌ಡೇಟ್ ಸಾಮಾನ್ಯವಾಗಿ ಪೂರ್ತಿ ಸಾಫ್ಟ್‌ವೇರ್ ಆಗಿರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ ಅದರಲ್ಲಿರುತ್ತದೆ. ಆಂಡ್ರಾಯ್ಡ್ 5.0 ಕಾಲದಿಂದ ಈ ವ್ಯತ್ಯಾಸವನ್ನು ಫೈಲ್ ಲೆಕ್ಕದಲ್ಲಿ ಅಲ್ಲ, ಪಾರ್ಟಿಶನ್‌ನ (ಸ್ಟೋರೇಜ್‌ನ ಒಂದು ವಿಭಾಗದ) ಬ್ಲಾಕ್ ಲೆಕ್ಕದಲ್ಲಿ, ಅಂದರೆ ಸಣ್ಣ ತುಂಡುಗಳ ಲೆಕ್ಕದಲ್ಲಿ ಹಾಕುತ್ತಾರೆ. ಹಾಗಾಗಿ ಹಳೆಯದು ಒಂದೊಂದು ಬಿಟ್ ಕೂಡ ಮೂಲದಂತೆಯೇ ಇರಬೇಕು. ಸಿಸ್ಟಮ್ ಪಾರ್ಟಿಶನನ್ನು ಬರೆಯುವ ಅನುಮತಿಯೊಂದಿಗೆ ಒಮ್ಮೆ ಮೌಂಟ್ ಮಾಡಿದ್ದರೂ (ತೆರೆದಿದ್ದರೂ) ಸಾಕು, ಏನನ್ನೂ ಬದಲಿಸದಿದ್ದರೂ ಲೆಕ್ಕ ತಪ್ಪುತ್ತದೆ. ಮ್ಯಾಜಿಸ್ಕ್ ಸಿಸ್ಟಮ್ ಪಾರ್ಟಿಶನ್ ಮುಟ್ಟುವುದಿಲ್ಲ, ಆದರೆ ಫೋನ್ ಆನ್ ಆಗಲು ಬೇಕಾದ ಬೂಟ್ ಇಮೇಜನ್ನು ತಿದ್ದಿರುತ್ತದೆ. ಅಪ್‌ಡೇಟ್ ಅದನ್ನು ನೋಡಿ ಹಿಂದೆ ಸರಿದಿದೆ.

ಫೋನ್‌ನಲ್ಲಿ ಸಾಫ್ಟ್‌ವೇರ್ ಕೂರಲು ಎ ಮತ್ತು ಬಿ ಎಂದು ಎರಡು ಸ್ಲಾಟ್ (ಜಾಗ) ಇದ್ದರೆ ಕೆಲಸ ಸುಲಭ. ಆಂಡ್ರಾಯ್ಡ್ 7.0ರಿಂದ ಈ ವ್ಯವಸ್ಥೆ ಬಂದಿದೆ. ಒಂದು ಸ್ಲಾಟ್‌ನಲ್ಲಿ ಫೋನ್ ಓಡುತ್ತಿರುವಾಗ ಇನ್ನೊಂದರಲ್ಲಿ ಅಪ್‌ಡೇಟ್ ಕೂರುತ್ತದೆ. ಹೊಸದು ಬೂಟ್ ಆಗದಿದ್ದರೆ ಫೋನ್ ತಾನೇ ಹಳೆಯದಕ್ಕೆ ಮರಳುತ್ತದೆ. ನೀವು ಮಾಡಬೇಕಾದ್ದು ಇಷ್ಟು: ಮ್ಯಾಜಿಸ್ಕ್ ಆ್ಯಪ್‌ನ ಅನ್‌ಇನ್‌ಸ್ಟಾಲ್ ಒಳಗೆ ‘ರಿಸ್ಟೋರ್ ಇಮೇಜಸ್’ ಒತ್ತಿ. ರೀಸ್ಟಾರ್ಟ್ ಮಾಡಬೇಡಿ. ಅಪ್‌ಡೇಟ್ ಇನ್‌ಸ್ಟಾಲ್ ಮಾಡಿ. ಮುಗಿದಮೇಲೆ ಫೋನ್ ರೀಸ್ಟಾರ್ಟ್ ಕೇಳುತ್ತದೆ, ಆಗಲೂ ಬೇಡ. ಮ್ಯಾಜಿಸ್ಕ್‌ಗೆ ಮತ್ತೆ ಹೋಗಿ ‘ಇನ್‌ಸ್ಟಾಲ್ ಟು ಇನ್‌ಆ್ಯಕ್ಟಿವ್ ಸ್ಲಾಟ್’ ಆರಿಸಿ, ಅದು ಮುಗಿದ ಮೇಲೆ ರೀಸ್ಟಾರ್ಟ್. ನಡುವೆ ಎಡವಿ ಮೊದಲೇ ರೀಸ್ಟಾರ್ಟ್ ಮಾಡಿದರೂ ದೊಡ್ಡ ನಷ್ಟ ಇಲ್ಲ, ರೂಟ್ ಹೋಗುತ್ತದೆ ಅಷ್ಟೇ. ಇದನ್ನೆಲ್ಲ ಶುರು ಮಾಡುವ ಮುಂಚೆ ಮ್ಯಾಜಿಸ್ಕ್‌ಗೆ ಸೇರಿಸಿಕೊಂಡ ಮಾಡ್ಯೂಲ್‌ಗಳನ್ನೆಲ್ಲ (ಹೆಚ್ಚುವರಿ ಪ್ರೋಗ್ರಾಮ್‌ಗಳನ್ನು) ಆಫ್ ಮಾಡಿ. ಅಪ್‌ಡೇಟ್ ಆದಮೇಲೆ ಲೋಗೋದಲ್ಲೇ ಸುತ್ತುವ ಫೋನ್‌ಗಳ ಹಿಂದೆ ಹಳೆಯ ಮಾಡ್ಯೂಲ್ ಇರುವುದೇ ಜಾಸ್ತಿ.

ಒಂದೇ ಸ್ಲಾಟ್ ಇರುವ ಹಳೆಯ ಫೋನ್‌ನಲ್ಲಿ, ಅದರಲ್ಲೂ ಕಸ್ಟಮ್ ರಿಕವರಿ (ಫೋನ್ ರಿಪೇರಿ, ಅಪ್‌ಡೇಟ್ ಮಾಡುವ ಸಣ್ಣ ಸಾಫ್ಟ್‌ವೇರ್‌ನ ಜಾಗದಲ್ಲಿ ಹೊರಗಿನವರು ಮಾಡಿದ್ದು) ಹಾಕಿದ್ದರೆ, ತಾನಾಗಿ ಬರುವ ಅಪ್‌ಡೇಟ್ ಒತ್ತಲೇಬೇಡಿ. ಅಪ್‌ಡೇಟ್ ಹಾಕಬೇಕಾದದ್ದು ಮೂಲ ರಿಕವರಿ. ಅದೇ ಇಲ್ಲದಿದ್ದರೆ ಫೋನ್ ಪ್ರತಿ ಸಲವೂ ರಿಕವರಿಗೇ ಹೋಗಿ ನಿಲ್ಲುವ ಸಂಭವ ಇದೆ. ತಯಾರಕರ ಪೂರ್ತಿ ಫರ್ಮ್‌ವೇರ್ ಫೈಲ್ ಇಳಿಸಿಕೊಂಡು ಕಂಪ್ಯೂಟರ್‌ನಿಂದ ಹಾಕುವುದೇ ಸರಿ. ಯಾವ ದಾರಿ ಹಿಡಿದರೂ ಮೊದಲು ಬ್ಯಾಕಪ್ ತೆಗೆಯಿರಿ.

ಪ್ರಶ್ನೆ: ಹೊಸ ಅಪ್‌ಡೇಟ್ ಹಾಕಿದಮೇಲೆ ಬ್ಯಾಟರಿ ಬೇಗ ಖಾಲಿಯಾಗುತ್ತಿದೆ. ಬೂಟ್‌ಲೋಡರ್ ಹೇಗೂ ಅನ್‌ಲಾಕ್ ಆಗಿದೆ. ಹಳೆಯ ಫರ್ಮ್‌ವೇರ್ ಹಾಕಿಬಿಡಲಾ?

ಉತ್ತರ: ಸ್ವಲ್ಪ ತಡೆಯಿರಿ. ಅನ್‌ಲಾಕ್ ಆದ ಫೋನ್‌ಗಳು ನಿಜವಾಗಿ ಸಾಯುವುದು ಜಾಸ್ತಿ ಇಲ್ಲೇ. ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಬರುವುದು ಅಪಾಯ.

ಹಳೆಯ ಬೂಟ್‌ಲೋಡರ್‌ನಲ್ಲಿ ಭದ್ರತೆಯ ತೂತು ಇದ್ದರೆ ಕಳ್ಳರು ಅದನ್ನೇ ವಾಪಸ್ ಹಾಕಿ ಒಳಗೆ ನುಗ್ಗಬಹುದು. ಅದನ್ನು ತಡೆಯಲು ತಯಾರಕರು ಚಿಪ್ ಒಳಗೆ ಒಂದು ಸಂಖ್ಯೆ ಇಟ್ಟಿರುತ್ತಾರೆ. ಅಪ್‌ಡೇಟ್ ಆದಾಗ ಅದು ಮೇಲೇರಬಹುದು, ಕೆಳಗೆ ಇಳಿಯುವುದಿಲ್ಲ. ಎಷ್ಟೋ ಫೋನ್‌ಗಳಲ್ಲಿ ಇದು ಫ್ಯೂಸ್ ಸುಟ್ಟಂತೆ ಅಕ್ಷರಶಃ ಸುಟ್ಟು ಬರೆದಿರುವುದು. ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

2018ರಲ್ಲಿ ರೆಡ್‌ಮಿ ನೋಟ್ 5 ಪ್ರೊ ಇಟ್ಟುಕೊಂಡಿದ್ದ ಅನೇಕರಿಗೆ ಇದು ಕಹಿಯಾಗಿಯೇ ಗೊತ್ತಾಯಿತು. ಆ ಫೋನ್‌ನ ಸಾಫ್ಟ್‌ವೇರ್ ಆದ ಎಂಐಯುಐನ ಹೊಸ ಆವೃತ್ತಿ ಆ ಸಂಖ್ಯೆಯನ್ನು 4ಕ್ಕೆ ಏರಿಸಿತ್ತು. ಹಳೆಯದನ್ನು ಫ್ಲಾಶ್ ಮಾಡಿದವರ (ಫೋನ್‌ಗೆ ತುಂಬಿದವರ) ಫೋನ್ ಕಪ್ಪಾಗಿ ಕೂತಿತು. ಎಬ್ಬಿಸಲು ಕಂಪನಿ ಅಧಿಕಾರ ಕೊಟ್ಟ ಅಕೌಂಟ್ ಬೇಕಾಯಿತು. ಪಿಕ್ಸೆಲ್ 6, 6 ಪ್ರೊ, 6ಎ ಕಥೆ ಇನ್ನೂ ಸೂಕ್ಷ್ಮ. 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಬೂಟ್‌ಲೋಡರ್‌ನ ಈ ಸಂಖ್ಯೆ ಏರಿತು, ಆದರೆ ಇನ್ನೊಂದು ಸ್ಲಾಟ್‌ನಲ್ಲಿ ಹಳೆಯ ಬೂಟ್‌ಲೋಡರ್ ಹಾಗೇ ಉಳಿದಿತ್ತು. ಏನೋ ಫ್ಲಾಶ್ ಮಾಡಲು ಹೋಗಿ ಫೋನ್ ಆ ಸ್ಲಾಟ್‌ಗೆ ಹೊರಳಿದರೆ ಮುಗಿಯಿತು. ಎರಡೂ ಸ್ಲಾಟ್‌ಗೆ ಹೊಸ ಬೂಟ್‌ಲೋಡರ್ ಹಾಕಿಕೊಳ್ಳಿ ಅಂತ ಗೂಗಲ್ಲೇ ಹೇಳಬೇಕಾಯಿತು. ಸ್ಯಾಮ್‌ಸಂಗ್ ಫೋನ್‌ಗಳು ಈ ವಿಷಯದಲ್ಲಿ ವಾಸಿ, ಹಳೆಯದನ್ನು ಹಾಕಲು ಹೋದರೆ ಸಾಮಾನ್ಯವಾಗಿ ಫರ್ಮ್‌ವೇರ್ ತುಂಬುವ ಡೌನ್‌ಲೋಡ್ ಮೋಡ್‌ನಲ್ಲೇ ಬೇಡ ಅಂದುಬಿಡುತ್ತವೆ.

ಬ್ಯಾಟರಿ ವಿಷಯಕ್ಕೆ ಬಂದರೆ, ಅಪ್‌ಡೇಟ್ ಆದ ಮೊದಲ ಕೆಲವು ದಿನ ಫೋನ್ ಹಿಂದೆ ಕೂತು ಆ್ಯಪ್‌ಗಳನ್ನು ಮತ್ತೆ ಜೋಡಿಸಿಕೊಳ್ಳುತ್ತಿರುತ್ತದೆ. ಒಂದು ವಾರ ನೋಡಿ. ಅಷ್ಟಕ್ಕೆಲ್ಲ ಡೌನ್‌ಗ್ರೇಡ್ ಬೇಡ.

ಪ್ರಶ್ನೆ: ಬೂಟ್‌ಲೋಡರ್ ಅನ್‌ಲಾಕ್ ಮಾಡಿದಮೇಲೆ ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ. ಮತ್ತೆ ಲಾಕ್ ಮಾಡಿ ನಿಶ್ಚಿಂತೆಯಾಗಿ ಅಪ್‌ಡೇಟ್ ಮಾಡೋಣ ಅಂತಿದ್ದೇನೆ.

ಉತ್ತರ: ಆಸೆ ಸರಿ, ಕ್ರಮ ತಪ್ಪು. ಮೊದಲು ಮೂಲ ಸಾಫ್ಟ್‌ವೇರ್, ಆಮೇಲೆ ಲಾಕ್. ಉಲ್ಟಾ ಮಾಡಿದರೆ ಫೋನ್ ಕೈಬಿಡುತ್ತದೆ.

ಅನ್‌ಲಾಕ್ ಸ್ಥಿತಿಯಲ್ಲಿ ಬೂಟ್‌ಲೋಡರ್ ಎಚ್ಚರಿಕೆ ತೋರಿಸಿ ಮುಂದೆ ಬಿಡುತ್ತದೆ. ಲಾಕ್ ಮಾಡಿದಮೇಲೆ ಸಹಿ ತಾಳೆಯಾಗದಿದ್ದರೆ ಬಿಡುವುದೇ ಇಲ್ಲ. ರೂಟ್ ಇದ್ದಾಗ, ಕಸ್ಟಮ್ ರಾಮ್ (ROM, ಹೊರಗಿನವರು ಮಾಡಿದ ಫೋನ್ ಸಾಫ್ಟ್‌ವೇರ್) ಇದ್ದಾಗ, ಅಥವಾ ಬೇರೆ ದೇಶದ ಮಾದರಿಗೆ ಸೇರಿದ ಫರ್ಮ್‌ವೇರ್ ಇದ್ದಾಗ ಲಾಕ್ ಮಾಡಿದರೆ ಮುಂದಿನ ಬೂಟ್‌ನಲ್ಲೇ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬೂಟ್‌ಲೋಡರ್ ತೆರೆಯಲು ಅನುಮತಿ ಕೊಡುವ ‘ಓಇಎಂ ಅನ್‌ಲಾಕಿಂಗ್’ ಆಫ್ ಆಗಿದ್ದರಂತೂ ಮತ್ತೆ ಅನ್‌ಲಾಕ್ ಮಾಡಲೂ ಆಗದು. ಅದನ್ನು ಆನ್ ಮಾಡಲು ಫೋನ್ ಆನ್ ಆಗಬೇಕು, ಅದೇ ಆಗುತ್ತಿಲ್ಲ ಅಲ್ವಾ! ಕಸ್ಟಮ್ ರಾಮ್‌ನ ಸ್ವಂತ ಕೀಲಿ ಒಪ್ಪಿಕೊಳ್ಳುವ ಪಿಕ್ಸೆಲ್‌ನಂಥ ಕೆಲವು ಫೋನ್ ಮಾತ್ರ ಇದಕ್ಕೆ ಹೊರತು.

ಶಿಯೋಮಿ ಫೋನ್ ಆದರೆ ಇನ್ನೊಂದು ಬಲೆ ಇದೆ. ಕಂಪ್ಯೂಟರ್‌ನಿಂದ ಫರ್ಮ್‌ವೇರ್ ತುಂಬುವ ಎಂಐ ಫ್ಲಾಶ್ ಟೂಲ್‌ನ ಕೆಳಸಾಲಿನಲ್ಲಿ ‘ಕ್ಲೀನ್ ಆಲ್ ಅಂಡ್ ಲಾಕ್’ ಅನ್ನುವುದೇ ಮೊದಲಿನಿಂದ ಆಯ್ಕೆಯಾಗಿ ಕೂತಿರುತ್ತದೆ. ನೋಡದೆ ಫ್ಲಾಶ್ ಒತ್ತಿದರೆ ಡೇಟಾ ಅಳಿಸಿ ಲಾಕ್ ಕೂಡ ಮಾಡುತ್ತದೆ. ಚೀನಾದಲ್ಲಿ ಮಾರಲು ಮಾಡಿದ ಫೋನ್‌ಗೆ ಗ್ಲೋಬಲ್ ರಾಮ್ ಹಾಕುವವರು ಇದರಲ್ಲೇ ಸಿಕ್ಕಿಬೀಳುವುದು.

ಮೂಲ ಫರ್ಮ್‌ವೇರ್ ಪೂರ್ತಿ ಹಾಕಿ, ಅದು ಒಮ್ಮೆ ಸರಿಯಾಗಿ ಆನ್ ಆಗಿ, ನೆಟ್‌ವರ್ಕ್ ಎಲ್ಲ ನೋಡಿಕೊಂಡು ಆಮೇಲೆ ಲಾಕ್ ಮಾಡಿ. ಲಾಕ್ ಮಾಡುವಾಗ ಡೇಟಾ ಮತ್ತೊಮ್ಮೆ ಅಳಿಸುತ್ತದೆ. ಸ್ಯಾಮ್‌ಸಂಗ್ ಇದ್ದವರು ಒಂದು ಗಮನದಲ್ಲಿಡಿ: ಕಸ್ಟಮ್ ಸಾಫ್ಟ್‌ವೇರ್ ಹಾಕಿದಾಗ ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ಫ್ಯೂಸ್ ಹೋಗಿರುತ್ತದೆ. ಲಾಕ್ ಮಾಡಿದರೂ ಸೆಕ್ಯೂರ್ ಫೋಲ್ಡರ್‌ನಂಥವು ಮರಳಿ ಬರುವುದಿಲ್ಲ.

ಪ್ರಶ್ನೆ: ಫ್ಲಾಶ್ ಮಾಡಿದಮೇಲೆ ಸಿಮ್ ಹಿಡಿಯುತ್ತಿಲ್ಲ, ಐಎಂಇಐ (ಫೋನ್‌ನ ಗುರುತಿನ ಸಂಖ್ಯೆ) ಜಾಗ ಖಾಲಿ ಇದೆ.

ಉತ್ತರ: ಐಎಂಇಐ, ನೆಟ್‌ವರ್ಕ್ ಮಾಹಿತಿ ಇರುವ ಇಎಫ್‌ಎಸ್ ಪಾರ್ಟಿಶನ್ ಕೆಟ್ಟಿರಬಹುದು. ಇದು ನಿಮ್ಮ ಒಂದು ಫೋನ್‌ಗೆ ಮಾತ್ರ ಸೇರಿದ್ದು, ಯಾವ ಫರ್ಮ್‌ವೇರ್ ಫೈಲ್‌ನಲ್ಲೂ ಸಿಗುವುದಿಲ್ಲ. ಮೊದಲೇ ಬ್ಯಾಕಪ್ ಇಟ್ಟಿದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ನಿಮ್ಮ ಮಾದರಿಗೇ ಸೇರಿದ ಮೋಡೆಮ್ ಫರ್ಮ್‌ವೇರ್ ಮತ್ತೆ ಹಾಕಿ ನೋಡಿ, ಕೆಲವೊಮ್ಮೆ ಬರೀ ಅದು ಹೊಂದದೆ ಹೀಗಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸರ್ವಿಸ್ ಸೆಂಟರ್. ಇನ್ನೊಬ್ಬರ ಇಎಫ್‌ಎಸ್ ಫೈಲ್ ಹಾಕಬೇಡಿ. ಐಎಂಇಐ ಬದಲಿಸುವುದು ಅನೇಕ ದೇಶಗಳಲ್ಲಿ ಅಪರಾಧ.

ಪ್ರಶ್ನೆ: ಅಪ್‌ಡೇಟ್ ಮಧ್ಯೆ ಫೋನ್ ನಿಂತುಹೋಯಿತು. ಈಗ ಪರದೆ ಕಪ್ಪು. ಎಸೆಯುವುದೇ?

ಉತ್ತರ: ಎಸೆಯಬೇಡಿ. ಮೊದಲು ಒಂದೆರಡು ಗಂಟೆ ಚಾರ್ಜ್‌ಗೆ ಹಾಕಿ. ಆಮೇಲೆ ಪವರ್ ಮತ್ತು ವಾಲ್ಯೂಮ್ ಬಟನ್ ಹಿಡಿದು ಫಾಸ್ಟ್‌ಬೂಟ್ (ಕಂಪ್ಯೂಟರ್‌ನಿಂದ ಫರ್ಮ್‌ವೇರ್ ತುಂಬುವ ಮೋಡ್) ಅಥವಾ ರಿಕವರಿ ಬರುತ್ತದಾ ನೋಡಿ. ಎರಡರಲ್ಲಿ ಒಂದು ಬಂದರೂ ಫೋನ್ ಬದುಕಿದೆ, ಸರಿಯಾದ ಫರ್ಮ್‌ವೇರ್ ಹಾಕಿದರೆ ಎದ್ದು ಕೂರುತ್ತದೆ.

ಏನೂ ಬರದಿದ್ದರೆ ಕಂಪ್ಯೂಟರ್‌ಗೆ ಜೋಡಿಸಿ ಡಿವೈಸ್ ಮ್ಯಾನೇಜರ್ ನೋಡಿ. ಹೆಸರಿನಲ್ಲಿ 9008 ಅಂತ ಕಂಡರೆ ಅದು ಕ್ವಾಲ್ಕಾಮ್ ಚಿಪ್‌ನ ತುರ್ತು ಮೋಡ್. ಬೂಟ್‌ಲೋಡರ್ ಹೋಗಿದೆ, ಚಿಪ್ ಇನ್ನೂ ಮಾತಾಡುತ್ತಿದೆ. ಅಲ್ಲಿಂದ ಎಬ್ಬಿಸಲು ನಿಮ್ಮ ಮಾದರಿಗೆ ತಯಾರಕರ ಸಹಿ ಇರುವ ವಿಶೇಷ ಫೈಲ್ ಬೇಕು, ಹಾಗಾಗಿ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಸಿಕ್ಕಸಿಕ್ಕ ಫೈಲ್ ಹಾಕುತ್ತಾ ಹೋದರೆ ಇಎಫ್‌ಎಸ್ ಕೂಡ ಅಳಿಸಿಹೋಗಬಹುದು. ರಿಪೇರಿಗೆ ಕೊಡುವಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿತ್ತಾ, ಯಾವ ಫೈಲ್ ಹಾಕುವಾಗ ನಿಂತಿತು, ಎಲ್ಲವನ್ನೂ ಮುಚ್ಚಿಡದೆ ಹೇಳಿ. ಸಾಧ್ಯವಾದರೆ ಆ ಫೈಲ್‌ನ ಪೂರ್ತಿ ಹೆಸರು ಬರೆದು ಕೊಡಿ.